ತವರಿನಲ್ಲಿ ಎರಡು, ಇಲ್ಲಿ ಒಂಬತ್ತು

ನನ್ನ ಹೊಟ್ಟೆ ನೋಡಿ ಓಣಿಯ ಹೆಂಗಸರು "ಎಷ್ಟನೇ ತಿಂಗಳವಾ?" ಎಂದು ಕೇಳತೊಡಗಿದ್ದು 1964ರ ದೀಪಾವಳಿಯ ಹೊತ್ತಿಗೆ. ತಿಂಗಳೂ ಇರಲಿಲ್ಲ, ಕೂಸೂ ಇರಲಿಲ್ಲ. ಕೈಕಾಲು ಕಡ್ಡಿಯಾಗಿದ್ದವು, ಹೊಟ್ಟೆ ಮಾತ್ರ ಕೊಡಪಾನದಂತೆ ಉಬ್ಬಿತ್ತು. ಮೊದಮೊದಲು ತಲೆ ತಗ್ಗಿಸಿ ಸುಮ್ಮನಿರುತ್ತಿದ್ದೆ. ಆಮೇಲೆ "ಗಾಳಿ ತುಂಬೇತ್ರಿ" ಎನ್ನಲು ಕಲಿತೆ. ಕೇಳಿದವರು ನಗುತ್ತಿದ್ದರು. ಮುಚ್ಚಿಡುತ್ತಿದ್ದೇನೆ ಎಂದುಕೊಂಡು ನಮ್ಮತ್ತೆಯ ಕಡೆ ನೋಡುತ್ತಿದ್ದರು.

ನಾನು ಹಂಸಭಾವಿಯವಳು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಮಳೆ ಬಿದ್ದ ದಿನ, ಬೀಳದ ದಿನ ಬರೆದಿಡಲು ಶಾಲೆಯ ಮಾಸ್ತರರು ಹಚ್ಚಿದ್ದರು. ಮಳೆ ಬಿಟ್ಟರೂ ಬರೆಯುವುದು ಬಿಡಲಿಲ್ಲ. 1963ರ ಬೇಸಗೆಯಲ್ಲಿ ಲಗ್ನವಾಗಿ ಶಿಗ್ಗಾವಿಗೆ ಬಂದಾಗ ಟ್ರಂಕಿನಲ್ಲಿ ಎರಡು ನೋಟುಬುಕ್ಕು ತಂದಿದ್ದೆ. ಗಂಡನ ಮನೆಯ ಮುಂಭಾಗದಲ್ಲೇ ನಮ್ಮ ಮಾವನವರ ಕಾಳಿನ ಅಂಗಡಿ. ಅಲ್ಲಿ ಚೀಲ ತೂಗುವ ದೊಡ್ಡ ಕಾಟಾ ಇತ್ತು. ಬಂದ ವಾರದಲ್ಲೇ ಒಂದು ಸೋಮವಾರ, ಅಂಗಡಿಗೆ ಸೂಟಿ ಇದ್ದಾಗ, ನಮ್ಮ ಮನೆಯವರು ತಮಾಷೆಗೆ ನನ್ನನ್ನು ಅದರ ಮೇಲೆ ನಿಲ್ಲಿಸಿದರು. ನಲವತ್ಮೂರು ಕಿಲೋ. ಅದನ್ನು ಬರೆದಿಟ್ಟುಕೊಂಡೆ. ಆ ಅಂಕಿ ಇರದಿದ್ದರೆ ಎಷ್ಟು ಕಳೆದುಕೊಂಡೆ ಎಂಬುದು ನನಗೂ ಗೊತ್ತಾಗುತ್ತಿರಲಿಲ್ಲ.

ರೋಗ ಶುರುವಾದ ತಾರೀಖು ನನ್ನ ಬಳಿ ಇಲ್ಲ. ಅದು ಒಂದೇ ದಿನ ಬರಲಿಲ್ಲ. ಮೊದಲು ದಿನಕ್ಕೆ ಮೂರು ಸಲ ಹೊರಗೆ ಹೋಗಬೇಕಾಯಿತು, ಆಮೇಲೆ ಐದು, ಆಮೇಲೆ ಒಂಬತ್ತು. ಪ್ರತಿ ಸಲಕ್ಕೂ ನೋಟುಬುಕ್ಕಿನಲ್ಲಿ ಒಂದು ಗೆರೆ, ಐದಾದರೆ ಅಡ್ಡಗೆರೆ. ಉಂಡದ್ದು ಉಂಡಂತೆಯೇ ಹೋಗುತ್ತಿತ್ತು, ಎಣ್ಣೆ ಎಣ್ಣೆಯಾಗಿ. ಬಾಯಲ್ಲಿ ಹುಣ್ಣು, ಬಾಚಣಿಗೆ ತುಂಬ ಕೂದಲು. ಮುಟ್ಟು ನಿಂತಿತು. ಅದೂ ಓಣಿಯ ಮಾತಿಗೆ ಪುಷ್ಟಿಯಾಯಿತು.

ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೂ ಇಂಥದೇ ಪಾಡು ಪಡುವ ಹೆಣ್ಣುಮಗಳಿಗೆ ಬೇಕಾಗುವುದು ಇದೇ ಮಾತು. ನಮ್ಮ ಓಣಿಯ ಹೆಂಗಸರಿಗೆ ಊರ ಹೊರಗಿನ ಬಯಲಿಗೆ ಹೋಗಲು ಹೊತ್ತು ಎರಡೇ, ಬೆಳಕು ಹರಿಯುವ ಮುನ್ನ ಮತ್ತು ದೀಪ ಹಚ್ಚಿದ ಮೇಲೆ. ನಡುವಿನ ಹನ್ನೆರಡು ತಾಸು ಹಗಲು ನನಗೆ ಬೀಗ ಹಾಕಿದ ಕೋಣೆಯಂತೆ ಆಗಿತ್ತು. ಹಲ್ಲು ಕಚ್ಚಿ, ಗೋಡೆಗೆ ಬೆನ್ನು ಹಚ್ಚಿ, ಕಾಲು ಬಿಗಿದುಕೊಂಡು ಕೂಡುತ್ತಿದ್ದೆ. ಬೀಗರು ಬಂದರೆ, ಪಡಸಾಲೆಯಲ್ಲಿ ಗಂಡಸರು ಕೂತರೆ, ಹಿತ್ತಲಿಗೆ ಹೋಗಲೂ ದಾರಿ ಇರುತ್ತಿರಲಿಲ್ಲ. ಒಂದು ದಿನ ನಮ್ಮತ್ತೆ ಏನೂ ಕೇಳದೆ, ದನದ ಕೊಟ್ಟಿಗೆಯ ಹಿಂದೆ ಒಂದು ಗುಂಡಿ ತೋಡಿಸಿ ಮೂರು ಕಡೆ ತಟ್ಟಿ ಕಟ್ಟಿಸಿದರು. ಮಾವನವರು ಯಾಕೆಂದಾಗ "ನನಗ ಮೊಣಕಾಲು ನೋವು" ಎಂದರು. ಅವರ ಮೊಣಕಾಲು ನೆಟ್ಟಗೇ ಇತ್ತು.

ಅತ್ತೆಯ ಹೆಸರು ಗುರವ್ವ. ಅತ್ತೆಯರ ಬಗ್ಗೆ ಕೇಳಿ ಬಂದದ್ದು ಯಾವುದೂ ಇವರಲ್ಲಿ ಇರಲಿಲ್ಲ. ಮನೆಯಲ್ಲಿ ಮಿಕ್ಕವರು ಜೋಳದ ರೊಟ್ಟಿ ತಿಂದರೂ ನನಗೆ ದಿನಾ ಎರಡು ಹೊತ್ತು ಚಪಾತಿ, ಮೇಲೆ ತುಪ್ಪ. ಅಂಗಡಿಗೆ ಬಂದ ಒಳ್ಳೆಯ ಗೋಧಿಯನ್ನು ಆರಿಸಿ ತೆಗೆದಿಟ್ಟು ಸಜ್ಜಕ, ಹುಗ್ಗಿ, ಮಾದಲಿ ಮಾಡಿ ಎದುರು ಕೂತು ಉಣಿಸುತ್ತಿದ್ದರು.

"ಉಣ್ಣು ಗಿರಿಜವ್ವ. ಜ್ವಾಳದ ರೊಟ್ಟಿ ದುಡ್ಯಾವರಿಗೆ. ನಿನ್ನ ಮೈಗೆ ಗೋಧಿನ ಬೇಕು."

"ಹೊಟ್ಟಿ ಒಲ್ಲೆ ಅಂತೈತ್ರಿ ಅತ್ತಿ."

"ಹೊಟ್ಟಿಗೇನ್ ತಿಳಿತೈತಿ? ನಾ ಹೇಳೂದು ಕೇಳು."

ಕೇಳಿದೆ. ಸೊಸೆಗೆ ಅತ್ತೆ ತುಪ್ಪ ಬಡಿಸುವಾಗ ಬೇಡ ಎನ್ನುವವಳು ಯಾವಳು?

ಸವಣೂರಿನ ಹಕೀಮರು ಪುಡಿ ಕೊಟ್ಟರು. ಎಂಟು ದಿನ ತಡೆಯಿತು, ಒಂಬತ್ತನೇ ದಿನ ಮೊದಲಿನಂತೆಯೇ. 1965ರ ಜನವರಿಯಲ್ಲಿ ಹಾನಗಲ್ಲಿನ ವೈದ್ಯರ ಬಳಿಗೆ ಕರೆದೊಯ್ದರು. ಅವರು ನಾಡಿ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿದರು. "ಜ್ವಾಳ ಬಂದ್. ನಲವತ್ತು ದಿನ ಗೋಧಿ ರವಾದ ಗಂಜಿ, ಬ್ಯಾರೆ ಏನೂ ಕೊಡಬ್ಯಾಡ್ರಿ" ಎಂದರು. ನಲವತ್ತು ದಿನವೂ ತಪ್ಪದೆ ಗಂಜಿ ಕುಡಿದೆ. ನನ್ನಂಥವಳಿಗೆ ಪಥ್ಯ ಹೇಳುವುದು ಸುಲಭ, ಅಂಕಿ ಕೊಟ್ಟರೆ ಸಾಕು. ನಲವತ್ತನೇ ದಿನ ಕಾಟಾದ ಮೇಲೆ ನಿಂತಾಗ ಮೂವತ್ತೊಂದು ಕಿಲೋ. ಅಂಗಡಿಯ ಹಮಾಲ ಹುಸೇನಸಾಬರು ನಗಿಸಲೆಂದು "ಅಕ್ಕಾರ, ನಿಮ್ಮನ್ನ ಹೊರಾಕ ನಾ ಕೂಲಿ ಕೇಳೂದಿಲ್ರಿ" ಎಂದವರು ನನ್ನ ಮುಖ ನೋಡಿ ಆ ಕಡೆ ತಿರುಗಿಕೊಂಡರು.

ಯುಗಾದಿ ಮುಗಿಸಿ ಅವ್ವ ಬಂದು ಹಂಸಭಾವಿಗೆ ಕರೆದೊಯ್ದಳು. ತವರಿನಲ್ಲಿ ಗೋಧಿ ಹಬ್ಬಕ್ಕೆ ಮಾತ್ರ. ದಿನಾ ರೊಟ್ಟಿ, ನುಚ್ಚು, ಮಜ್ಜಿಗೆ. ಮೂವತ್ತು ದಿನ ಇದ್ದೆ. ಮೊದಲ ವಾರ ದಿನಕ್ಕೆ ಆರು ಗೆರೆ, ಎರಡನೇ ವಾರ ನಾಲ್ಕು, ಕೊನೆಗೆ ಎರಡು. ನಾಲ್ಕು ಕಿಲೋ ಏರಿಸಿಕೊಂಡು ಶಿಗ್ಗಾವಿಗೆ ಮರಳಿದೆ. ಅತ್ತೆ ದೃಷ್ಟಿ ತೆಗೆದು, ಸಂತೋಷಕ್ಕೆ ಹೋಳಿಗೆ ಮಾಡಿದರು. ತಿಂಗಳೊಳಗೆ ಮೂರು ಕಿಲೋ ಇಳಿದೆ.

ಮಾವನವರು ಅತ್ತೆಗೆ ಹೇಳಿದ ಮಾತು ಅಡುಗೆಮನೆಯವರೆಗೆ ಕೇಳಿಸಿತು. ಕೇಳಲಿ ಎಂದೇ ಹೇಳಿದ್ದರೇನೋ.

"ತವರಮನ್ಯಾಗ ಒಣಾ ರೊಟ್ಟಿ ತಿಂದು ಮೈ ತುಂಬಿ ಬರ್ತಾಳ. ಇಲ್ಲೆ ತುಪ್ಪದಾಗ ಅದ್ದಿ ಕೊಟ್ರೂ ಒಣಗ್ತಾಳ. ಇದು ಹೊಟ್ಟಿ ರೋಗ ಅಲ್ಲ. ಆಕಿ ಮನಸ್ಸ ಈ ಮನ್ಯಾಗಿಲ್ಲ."

"ಹಂಗನಬ್ಯಾಡ್ರಿ. ಕೇಳಿದ್ರ ನೊಂದ್ಕೊಂತಾಳ."

"ನಮ್ಮ ಹುಡುಗನ ವಯಸ್ಸು ನೋಡು. ನಾಗರ ಪಂಚಮಿ ಒಳಗ ನೆಟ್ಟಗಾಗಲಿಲ್ಲ ಅಂದ್ರ ಹಿರೇರ್ನ ಕೂಡಸೂದ. ಸೋಡಚೀಟಿ ಬರೆದು ಕೊಟ್ರ ಆಕಿಗೂ ಚಲೋ, ನಮಗೂ ಚಲೋ."

ಸೋಡಚೀಟಿ ಎಂದರೆ ಹಿರಿಯರ ಸಮಕ್ಷಮ ಸಂಬಂಧ ಬಿಡಿಸಿ ಬರೆದುಕೊಡುವ ಕಾಗದ. ತವರಿನಲ್ಲಿ ನನ್ನ ಹಿಂದೆ ಇಬ್ಬರು ತಂಗಿಯರಿದ್ದರು. ಚೀಟಿ ಹಿಡಿದು ಬಂದ ಅಕ್ಕ ಮನೆಯಲ್ಲಿದ್ದರೆ ಅವರನ್ನು ಯಾರು ಕೇಳುತ್ತಾರೆ? ಇಲ್ಲಿದ್ದರೆ ಸಾಯುತ್ತೇನೆ, ಅಲ್ಲಿಗೆ ಹೋದರೆ ಅವರ ಬಾಳು ಕೆಡಿಸುತ್ತೇನೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಮಾವನವರ ಮಾತು ನಿಜವಿರಬಹುದೇ ಎಂದು ನನಗೇ ಅನ್ನಿಸತೊಡಗಿತ್ತು. ಒಂದು ಮಧ್ಯಾಹ್ನ ಕೂತು ನೋಟುಬುಕ್ಕಿನಲ್ಲಿ ಹಾಳೆಯನ್ನು ಎರಡಾಗಿ ಗೆರೆ ಎಳೆದು ಲೆಕ್ಕ ತೆಗೆದಿದ್ದೆ. ಲಗ್ನವಾದ ಮೇಲೆ ತವರಿಗೆ ಹೋದದ್ದು ಮೂರು ಸಲ. ಮೂರು ಸಲವೂ ಅಲ್ಲಿ ಕೊನೆಯ ವಾರದ ಗೆರೆ ದಿನಕ್ಕೆ ಎರಡು. ಶಿಗ್ಗಾವಿಯಲ್ಲಿ ಒಂಬತ್ತು. ನನ್ನ ಕೈಯಿಂದಲೇ ನನ್ನ ಮೇಲೆ ಸಾಕ್ಷಿ ಬರೆದುಕೊಂಡಿದ್ದೆ. ಈ ಮನೆಯವರು ಒಳ್ಳೆಯವರು, ಗಂಡ ಒಳ್ಳೆಯವರು. ಹಾಗಿದ್ದೂ ನನ್ನ ಕರುಳು ಇವರನ್ನು ಒಲ್ಲೆ ಎನ್ನುತ್ತದೆಯೇ? ಮನಸ್ಸಿಗೆ ಗೊತ್ತಿಲ್ಲದ ಹಟ ಹೊಟ್ಟೆಗೆ ಇರುತ್ತದೆಯೇ? ಅನ್ನದ ಅಗಳು ಹಚ್ಚಿ ಆ ಹಾಳೆಯನ್ನು ಮುಂದಿನ ಹಾಳೆಗೆ ಅಂಟಿಸಿಬಿಟ್ಟೆ.

ಜೂನ್ ಮೊದಲ ವಾರ ಹುಬ್ಬಳ್ಳಿಗೆ ಹೊರಟೆವು. ಕ್ಷಯವೇನೋ ಎಂಬ ಸಂಶಯ ಎಲ್ಲರಿಗೂ ಇತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ನನ್ನ ಗಂಗಾಳ, ತಂಬಿಗೆ ಮಾತ್ರ ಕೆಲ ದಿನಗಳಿಂದ ಬೇರೆ ಗೂಡಿಗೆ ಹೋಗಿದ್ದವು. ಬಸ್ಸಿನ ಭಯಕ್ಕೆ ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಆದರೂ ಅರ್ಧ ದಾರಿಯಲ್ಲಿ ತಡೆಯಲಾಗಲಿಲ್ಲ. ನಮ್ಮ ಮನೆಯವರು ಹೋಗಿ ಡ್ರೈವರನ ಕಿವಿಯಲ್ಲಿ ಏನೋ ಹೇಳಿದರು. ಅವನು ಒಂದು ಹುಣಸೆಮರದ ಮರೆಗೆ ಬಸ್ಸು ನಿಲ್ಲಿಸಿ, ಇಳಿದು, ಮುಂದಿನ ಗಾಲಿ ಬಡಿದು ನೋಡುತ್ತ "ಗಾಲಿ ಬಿಸಿ ಆಗೇತ್ರಿ, ಐದು ನಿಮಿಷ" ಎಂದು ಮಂದಿಗೆ ಕೂಗಿ ಹೇಳಿದ. ಅವನ ಹೆಸರು ಕೇಳದೇ ಹೋದೆ. ಆ ದಿನದ ಪುಟದಲ್ಲಿ "ಡ್ರೈವರ್" ಎಂದಷ್ಟೇ ಇದೆ.

ಎದೆಯ ಫೋಟೋದಲ್ಲಿ ಏನೂ ಇರಲಿಲ್ಲ. ಖುಷಿಯಾಗಬೇಕಿತ್ತು, ಆಗಲಿಲ್ಲ. ಕ್ಷಯಕ್ಕೆ ಒಂದು ಹೆಸರಾದರೂ ಇದೆ. ಹೆಸರಿಲ್ಲದಿದ್ದರೆ ಮಾವನವರು ಇಟ್ಟ ಹೆಸರೇ ನಿಲ್ಲುತ್ತದೆ. ಅಲ್ಲಿಂದ ನಮ್ಮನ್ನು ಹೊಟ್ಟೆ ನೋಡುವ ಇನ್ನೊಬ್ಬ ಡಾಕ್ಟರರ ಬಳಿ ಕಳಿಸಿದರು. ಉದ್ದನೆಯ ಬೆಂಚಿನ ಮೇಲೆ ನಾಲ್ಕು ತಾಸು ಕೂತೆವು. ಕಸ ಗುಡಿಸುವ ಆಯಾ ನನ್ನನ್ನು ಎರಡು ಸಲ ನೋಡಿ, ಮೂರನೇ ಸಲ ಬಂದು, ನರ್ಸುಗಳ ಸಂಡಾಸದ ಕೀಲಿಯನ್ನು ನನ್ನ ಸೆರಗಿನ ತುದಿಗೆ ತಾನೇ ಗಂಟು ಹಾಕಿದಳು. "ಹೋಗೂಮುಂದ ಕೊಟ್ಟು ಹೋಗವಾ" ಎಂದಳು. ಎರಡು ವರ್ಷದಲ್ಲಿ ಮೊದಲ ಸಲ ಕಾಲು ಸಡಿಲ ಬಿಟ್ಟು ಕೂತೆ.

ಡಾಕ್ಟರರು ನಡುವಯಸ್ಸಿನವರು, ಧಾರವಾಡದ ಕಡೆಯವರಂತೆ ಮಾತು. ಹೊಟ್ಟೆ ಒತ್ತಿ ನೋಡಿ, ಕಣ್ಣಿನ ರೆಪ್ಪೆ ಇಳಿಸಿ ನೋಡಿ, "ದಿನಕ್ಕೆಷ್ಟು ಸಲ ಆಗತೈತಿ ತಂಗಿ?" ಎಂದರು. ನಾನು ನಾಚಿ ಸೆರಗು ಎಳೆದುಕೊಂಡೆ. ನಮ್ಮ ಮನೆಯವರು "ಬರದಿಟ್ಟಾಳ್ರಿ" ಎಂದು ನೋಟುಬುಕ್ಕು ಕೊಟ್ಟರು.

ಡಾಕ್ಟರರು ಒಂದೊಂದೇ ಪುಟ ತಿರುವಿದರು. ಮುಖದಲ್ಲಿ ನಗು ಇರಲಿಲ್ಲ. ಒಂದು ಕಡೆ ಬೆರಳು ನಿಂತಿತು.

"ಈ ಹಾಳಿ ಯಾಕ ಅಂಟೇತಿ?"

ನಮ್ಮ ಮನೆಯವರು ನನ್ನ ಕಡೆ ತಿರುಗಿದರು.

"ನೀನ ಅಂಟಿಸೀಯೇನು?"

"ಹೌದ್ರಿ."

"ಯಾಕ?"

ನಮ್ಮ ಮನೆಯವರು ಪಕ್ಕದಲ್ಲೇ ನಿಂತಿದ್ದರು. ಆ ಹಾಳೆ ಬಿಚ್ಚಿದರೆ ಮಾವನವರ ಮಾತಿಗೆ ನಾನೇ ರುಜು ಹಾಕಿದಂತೆ. ಬಿಚ್ಚದಿದ್ದರೆ ಇದೇ ಕೊನೆಯ ಡಾಕ್ಟರು, ಮುಂದೆ ಹೋಗಲು ಊರು ಉಳಿದಿರಲಿಲ್ಲ. ನೋಟುಬುಕ್ಕು ಇಸಿದುಕೊಂಡು ಉಗುರಿನಿಂದ ಮೆಲ್ಲಗೆ ಬಿಡಿಸಿದೆ. ಎರಡು ಕಡೆ ಹರಿಯಿತು. ಅಂಕಿ ಉಳಿದಿದ್ದವು.

ನಮ್ಮ ಮನೆಯವರು ಬಗ್ಗಿ ಓದಿದರು. ಅವರ ಕಿವಿ ಕೆಂಪಾಯಿತು. ನನ್ನನ್ನು ನೋಡಲಿಲ್ಲ. ಡಾಕ್ಟರರು ಮಾತ್ರ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ತಂಗಿ, ಹ್ವಾದದ್ದೆಲ್ಲಾ ಬರದೀ. ಉಂಡದ್ದು ಬರದಿಲ್ಲಲ್ಲ?"

ಹೌದು. ಅದು ನನಗೆ ಹೊಳೆದೇ ಇರಲಿಲ್ಲ. ಉಣ್ಣುವುದರಲ್ಲಿ ಬರೆಯುವುದೇನಿದೆ ಎಂದುಕೊಂಡಿದ್ದೆ.

"ತವರಮನ್ಯಾಗ ಏನ್ ಉಣ್ತಿದ್ದಿ? ಇಲ್ಲೇನ್ ಉಣ್ತಿ? ಹೇಳು, ನಿಧಾನಕ್ಕ."

ಹೇಳಿದೆ. ಚಪಾತಿ, ಹೋಳಿಗೆ, ಮಾದಲಿ, ಹುಗ್ಗಿ, ಸಜ್ಜಕ ಎಂದು ಎಣಿಸುತ್ತಿದ್ದಂತೆ ಅವರು ಕೈ ಎತ್ತಿ ನಿಲ್ಲಿಸಿದರು. ಸಣ್ಣ ಕರುಳಿನ ಒಳಮೈ ಮಖಮಲ್ಲಿನ ಬಟ್ಟೆಯ ಹಾಗೆ ಇರುತ್ತದಂತೆ. ಕಣ್ಣಿಗೆ ಕಾಣದ ಎಳೆಗಳು ನಿಂತಿರುತ್ತವಂತೆ, ಉಂಡದ್ದರ ಸಾರ ಹೀರುವುದು ಅವೇ ಅಂತೆ. "ಕೆಲವರಿಗೆ ಗೋಧಿ ಆಗಿಬರೂದಿಲ್ಲ. ತಿಂದಂಗ ತಿಂದಂಗ ಆ ಎಳಿ ಸವೀತಾವ. ಮಖಮಲ್ಲು ಹೋಗಿ ಗೋಣಿತಟ್ಟು ಆಗತೈತಿ. ಅದರ ಮ್ಯಾಲೆ ತುಪ್ಪ ಸುರದ್ರೂ ಅಷ್ಟ, ಹಾಲು ಸುರದ್ರೂ ಅಷ್ಟ." ಆಮೇಲೆ "ನಾನೂ ಓದೇನಿ ಅಷ್ಟ. ಇಂಥಾ ರೋಗಿನ್ನ ಕಂಡಿಲ್ಲ. ಖರೆ ಏನು ಅಂಬೂದು ಗೋಧಿ ಬಿಟ್ಟ ಮ್ಯಾಲ ತಿಳೀತೈತಿ" ಎಂದರು. ರಕ್ತಕ್ಕೆ ಗುಳಿಗೆ ಬರೆದುಕೊಟ್ಟು ನಮ್ಮ ಮನೆಯವರ ಕಡೆ ತಿರುಗಿದರು. "ತವರಿಗೆ ಕಳಿಸಬ್ಯಾಡ್ರಿ. ನಿಮ್ಮ ಮನ್ಯಾಗ ಇರ್ಲಿ. ಇವು ಐದೂ ಬಿಡಿಸ್ರಿ. ಅಲ್ಲೇ ಚಲೋ ಆದ್ರ, ತಪ್ಪು ಗೋಧೀದು. ಮನೀದಲ್ಲ."

ಹೊರಗೆ ಬಂದ ಮೇಲೆ ನಮ್ಮ ಮನೆಯವರು ಒಂದು ಮಾತು ಕೇಳಿದರು. "ಎಷ್ಟು ದಿನಾತು ಅಂಟಿಸಿ?"

"ಹನ್ನೊಂದು ದಿನಾತ್ರಿ."

"ನನಗ ಹೇಳಬಾರದಿತ್ತೇನು?"

ಹೇಳಬಹುದಿತ್ತೇ? ಈಗಲೂ ಗೊತ್ತಿಲ್ಲ.

ಶಿಗ್ಗಾವಿಯಲ್ಲಿ ಡಾಕ್ಟರರ ಮಾತು ಯಾರಿಗೂ ಹಿಡಿಸಲಿಲ್ಲ. "ಗೋಧಿ ತಿಂದು ಯಾರರ ಸತ್ತಾರೇನು? ನಾ ಅರವತ್ತು ವರ್ಷದಿಂದ ಮಾರಾಕತ್ತೇನಿ" ಎಂದರು ಮಾವನವರು. ಅವರಿಗೆ ವಯಸ್ಸೇ ಐವತ್ತೈದು. ಮರುದಿನ ನನ್ನ ಗಂಗಾಳಕ್ಕೆ ರೊಟ್ಟಿ ಹಾಕುವಾಗ ಅತ್ತೆಯ ಕೈ ಹಿಂಜರಿಯಿತು, ತಪ್ಪು ಮಾಡುತ್ತಿರುವವರ ಹಾಗೆ.

ಜೂನ್ 10ರಿಂದ ಎರಡು ಲೆಕ್ಕ ಬರೆದೆ, ಎಡಕ್ಕೆ ಉಂಡದ್ದು, ಬಲಕ್ಕೆ ಗೆರೆ. ಮೊದಲ ಪುಟದ ಮೇಲೆ ಐದು ಹೆಸರು ಬರೆದು ಐದಕ್ಕೂ ಅಡ್ಡಗೆರೆ ಹೊಡೆದೆ. ಎಂಟು, ಏಳು, ಐದು. ಹನ್ನೆರಡನೇ ದಿನ ನಾಲ್ಕು. ತೂಕ ಮೂವತ್ತೆರಡರಿಂದ ಮೂವತ್ಮೂರೂವರೆ. ಬಾಯಿಹುಣ್ಣು ಮಾಯ್ದವು. ಇನ್ನೇನು ಬಾಗಿಲು ಸಿಕ್ಕಿತು ಎಂದುಕೊಂಡೆ.

ಆಮೇಲೆ ಗೆರೆ ಮತ್ತೆ ಏರತೊಡಗಿದವು. ಆರು, ಏಳು, ಎಂಟು. ಎಡಗಡೆ ಹುಡುಕಿದೆ. ಐದರಲ್ಲಿ ಒಂದೂ ಇರಲಿಲ್ಲ. ತಪ್ಪು ಗೋಧಿಯದಲ್ಲ ಎಂದಾದರೆ ಉಳಿದದ್ದು ಒಂದೇ. ಸೋಮವಾರ ಕಾಟಾದ ಮೇಲೆ ನಿಂತಾಗ ಒಂದು ಕಿಲೋ ಕಡಿಮೆ. ಮಾವನವರು ಗಾದಿಯ ಮೇಲಿಂದಲೇ ನೋಡಿದರು. ಸಂಜೆಗೆ ಹಿರಿಯರಿಗೆ ಹೇಳಿ ಕಳಿಸಿದರು, ಬರುವ ಗುರುವಾರ ಬನ್ನಿ ಎಂದು.

ಬುಧವಾರ ಮಧ್ಯಾಹ್ನ ನಮ್ಮ ಮನೆಯವರು ಅಂಗಡಿ ಬಿಟ್ಟು ಒಳಗೆ ಬಂದು ನೋಟುಬುಕ್ಕು ಹಿಡಿದು ಕೂತರು. ಅತ್ತೆ ಅಕ್ಕಿ ಆರಿಸುತ್ತಿದ್ದರು. ಅವರಿಗೆ ಓದು ಬರುವುದಿಲ್ಲ, ಅವರಿಗೆ ಕೇಳಿಸಲೆಂದೇ ಇವರು ಜೋರಾಗಿ ಓದಿದರು.

"ಇಪ್ಪತ್ತೆರಡನೇ ತಾರೀಖು. ಮುಂಜಾನೆ ನುಚ್ಚು, ಮಜ್ಜಿಗಿ. ಮಧ್ಯಾಹ್ನ ಎರಡು ರೊಟ್ಟಿ, ಬ್ಯಾಳಿ. ಸಂಜಿಕೆ ಶ್ಯಾವಗಿ ಪಾಯಸ ಒಂದು ಬಟ್ಟಲ. ಇಪ್ಪತ್ಮೂರು. ನುಚ್ಚು, ರೊಟ್ಟಿ, ಅನ್ನ. ಸಂಜಿಕೆ ಶ್ಯಾವಗಿ..."

ಮೊರದ ಸದ್ದು ನಿಂತಿತು.

"ತಡಿ. ಶ್ಯಾವಗಿ ಎಂದಿನಿಂದ ಐತಿ?"

"ಇಪ್ಪತ್ತೆರಡರಿಂದ. ದಿನಾ ಐತಿ."

"ಹೊರಕಡಿಗೆ ಹೋಗೂದು ಎಂದಿನಿಂದ ಏರೇತಿ?"

ಇವರು ಬಲಗಡೆಗೆ ಬೆರಳು ಸರಿಸಿದರು. "ಇಪ್ಪತ್ನಾಲ್ಕರಿಂದ."

ಅತ್ತೆ ತಮ್ಮ ಎರಡೂ ಅಂಗೈ ನೋಡಿಕೊಂಡರು. ಆ ಬೇಸಗೆಯ ಶಾವಿಗೆ ಹೊಸೆದದ್ದು ಆ ಕೈಗಳೇ. ಗೋಧಿ ಒಡೆಸಿ ರವೆ ತೆಗೆದದ್ದು, ನಾದಿದ್ದು, ಮಾಳಿಗೆಯ ಮೇಲೆ ಒಣಗಿಸಿದ್ದು ಎಲ್ಲ ನಾನೂ ನೋಡಿದ್ದೆ. ಆದರೆ ನಮ್ಮಲ್ಲಿ ಶಾವಿಗೆ ಎಂದರೆ ಬಾಣಂತಿಗೆ, ಜ್ವರದವರಿಗೆ ಕೊಡುವ ಹಗುರ ಉಣಿಸು. ಅದನ್ನು ಯಾರೂ ಗೋಧಿ ಎಂದು ಎಣಿಸುವುದಿಲ್ಲ. ಡಾಕ್ಟರರು ಐದು ಹೆಸರು ಹೇಳಿದ್ದರು, ನಾನು ಐದು ಬರೆದಿದ್ದೆ, ಐದೂ ಬಿಟ್ಟಿದ್ದೆ. ಆರನೆಯದನ್ನು ಎಂಟು ದಿನ ನನ್ನ ಕೈಯಾರೆ ಬರೆದೂ ಕಂಡಿರಲಿಲ್ಲ.

"ಒಣಾ ರೊಟ್ಟಿ ತಿಂತಾಳಲ್ಲಾ ಕೂಸು ಅಂತ ಕೊಟ್ಟೆ" ಎಂದರು ಅತ್ತೆ. ಎದ್ದು, ಶಾವಿಗೆಯ ಡಬ್ಬಿ ಎತ್ತಿಕೊಂಡು ಹೋಗಿ ಪಕ್ಕದ ಮನೆಗೆ ಕೊಟ್ಟು ಬಂದರು.

ಗುರುವಾರ ನಾಲ್ವರು ಹಿರಿಯರು ಬಂದು ಪಡಸಾಲೆಯಲ್ಲಿ ಕೂತರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಮಾವನವರು ತಗ್ಗಿದ ದನಿಯಲ್ಲಿ ಎಲ್ಲ ಹೇಳಿದರು. ಸುಳ್ಳು ಒಂದೂ ಹೇಳಲಿಲ್ಲ. ಹಿರಿಯರಲ್ಲೊಬ್ಬರು "ಹುಡುಗಿನ್ನ ಕರೀರಿ, ಆಕಿ ಏನಂತಾಳ ಕೇಳೂಣು" ಎಂದರು. ನಾನು ಹೆಜ್ಜೆ ಇಡುವಷ್ಟರಲ್ಲಿ ಅತ್ತೆ ನನ್ನನ್ನು ದಾಟಿ ಹೋದರು. ಗಂಡಸರ ಪಡಸಾಲೆಗೆ ಅವರು ಬಂದದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

"ಆಕಿನ್ನೇನ್ ಕೇಳ್ತೀರಿ? ನನ್ನ ಕೇಳ್ರಿ. ಎರಡು ವರ್ಷ ಗೋಧಿ ತಿನಿಸಿದಾಕಿ ನಾನು. ಬ್ಯಾಡ ಅಂದ್ರೂ ತಿನಿಸೇನಿ. ಡಾಕ್ಟರು ಬಿಡ್ಸು ಅಂದ ಮ್ಯಾಲೂ ಶ್ಯಾವಗಿ ಮಾಡಿ ತಿನಿಸೇನಿ. ಚೀಟಿ ಬರಿಯೂದಾದ್ರ ನನಗ ಬರೀರಿ. ನಾ ನನ್ನ ತವರಿಗೆ ಹೋಗ್ತೇನಿ."

ಯಾರೋ ಕೆಮ್ಮಿದರು. ಇನ್ನೊಬ್ಬ ಹಿರಿಯರು "ಈ ವಯಸ್ಸಿನ್ಯಾಗ ನಿನ್ನ ತವರಿನ್ಯಾಗ ಯಾರದಾರಬೇ?" ಎಂದರು. ಒಬ್ಬಿಬ್ಬರು ನಕ್ಕರು. ಮಾವನವರು ನಗಲಿಲ್ಲ. "ಪಂಚಮಿತನಾ ನೋಡೂಣು" ಎಂದರು.

ಪಂಚಮಿಗೆ ತಿಂಗಳಿತ್ತು. ಆ ತಿಂಗಳು ನಾನು ಮನೆ ಬಿಟ್ಟು ಕದಲಲಿಲ್ಲ. ಬೇರೆಯವರ ಮನೆಯ ನೀರೂ ಕುಡಿಯಲಿಲ್ಲ. ನನ್ನ ರೊಟ್ಟಿಗೆ ಬೇರೆ ಹಂಚು, ಹಿಟ್ಟು ನಾದಲು ಬೇರೆ ಕೊಣಮಿಗೆ. ಅಂಗಡಿಯಲ್ಲಿ ಗೋಧಿ ಚೀಲ ಬಿಚ್ಚಿದ ದಿನ ಅತ್ತೆ ನಡುಮನೆಯ ಬಾಗಿಲು ಹಾಕುತ್ತಿದ್ದರು, ಹಿಟ್ಟು ಹಾರೀತೆಂದು. ಮೊದಲು ಹೊಟ್ಟೆಯ ಸೆರೆ, ಈಗ ವಾಸಿಯಾಗುವ ಸೆರೆ. ಏಳು, ಐದು, ನಾಲ್ಕು, ಮೂರು. ಸೋಮವಾರದ ತೂಕಕ್ಕೆ ಮಾವನವರೇ ಗಾದಿಯಿಂದ ಇಳಿದು ಬಂದು ಕಲ್ಲು ಇಡತೊಡಗಿದರು. ತೂಕ ಮೂವತ್ತಾರು ಆದ ದಿನ ತಟ್ಟೆಗೆ ಒಂದು ಕಿಲೋದ ಕಲ್ಲು ಇನ್ನೊಂದು ಹಾಕಬೇಕಾಯಿತು. ಅದನ್ನು ಹಾಕಿ, ಮುಳ್ಳು ನಿಲ್ಲುವವರೆಗೆ ಬಗ್ಗಿ ನೋಡಿದರು.

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮ ಕಡೆಯ ರೂಢಿ. ಹಬ್ಬಕ್ಕೆ ಮೂರು ದಿನ ಮುಂಚೆ ಅವ್ವ ಬಂದಳು. ಅವಳಿಗೆ ಹಿರಿಯರು ಕೂಡಿದ ಸುದ್ದಿ ಮಾತ್ರ ಮುಟ್ಟಿತ್ತು. ಏನಾಯಿತು ಎಂಬುದು ಮುಟ್ಟಿರಲಿಲ್ಲ. ನನ್ನ ಟ್ರಂಕು ಒಯ್ಯಲು ಹಗ್ಗ ತಂದಿದ್ದಳು. ಹೊಸಿಲ ಬಳಿ ನಿಂತು ನನ್ನ ಮುಖ, ಕೈ, ಕತ್ತು ಮುಟ್ಟಿ ನೋಡಿದಳು.

ಮಾವನವರು ಅಂಗಡಿಯಿಂದ ಒಳಗೆ ಬಂದರು.

"ಕರ್ಕೊಂಡು ಹೋಗಾಕ ಬಂದೀರೇನ್ರಿ ಬೀಗತ್ಯಾರ?"

"ಹಬ್ಬ ಐತಲ್ರಿ" ಎಂದಳು ಅವ್ವ, ಹಗ್ಗವನ್ನು ಸೆರಗಿನೊಳಗೆ ಸರಿಸಿಕೊಳ್ಳುತ್ತ.

"ಕಳಸೂದಿಲ್ರಿ."

ಅವ್ವನ ಮುಖ ಬಿಳುಚಿತು.

"ಅಲ್ಲಿಗೆ ಬಂದು ಎರಡು ಕಿಲೋ ಏರಿದ್ಲಂದ್ರ ಮಂದಿ ಮತ್ತ ತವರಿನ ಗುಣ ಅಂತಾರ. ನಾನೂ ಅದನ್ನ ಅಂದಾವ. ಆಕಿ ತೂಕ ಇಲ್ಲೇ ಏರಬೇಕು. ನಲವತ್ಮೂರು ಆಗ್ಲಿ, ಆಮ್ಯಾಲೆ ನಾನ ಬಂದು ಬಿಟ್ಟು ಹೋಗ್ತೇನಿ."

ಅತ್ತೆ ಅವ್ವನ ಕೈ ಹಿಡಿದು ಒಳಗೆ ಕರೆದೊಯ್ದು ಉಣಬಡಿಸಿದರು. ಉಂಡ ಮೇಲೆ ಅವ್ವ ನನ್ನ ಹತ್ತಿರ ಬಂದು ಮೆಲ್ಲಗೆ "ಬರ್ತಿಯೇನ? ಕೇಳ್ಲೇನು ಇನ್ನೊಮ್ಮಿ?" ಎಂದಳು. ನನಗೆ ಹೋಗಬೇಕು ಎನ್ನಿಸಿತ್ತು, ಒಂದೆರಡು ದಿನವಾದರೂ. ತಂಗಿಯರ ಜೊತೆ ಜೋಕಾಲಿ ಆಡಬೇಕು, ನುಚ್ಚು ಮಜ್ಜಿಗೆ ಉಣ್ಣಬೇಕು, ಯಾರ ತೂಕಕ್ಕೂ ಸಿಗದೆ ಮಲಗಬೇಕು. "ಬ್ಯಾಡ ಬೇ" ಎಂದೆ.

ಸಂಜೆಯ ಬಸ್ಸಿಗೆ ಅವ್ವ ಹಗ್ಗ ಮರಳಿ ಒಯ್ದಳು. ನಾನು ಬಾಗಿಲವರೆಗೆ ಬಂದೆ. ಆ ದಿನ ಮೂವತ್ತೇಳು ಕಿಲೋ, ಗೆರೆ ಎರಡು, ಶಿಗ್ಗಾವಿಯಲ್ಲಿ.